ಕೊಟ್ಟ ಮಷೀನನ್ನು ಮರಳಿ ಕೇಳುವುದು

ಡೊಂಬಿವಲಿ ಪೂರ್ವದ ಸಮರ್ಪಣ ಸೇವಾ ಕ್ಲಬ್ಬಿಗೆ ದಮಯಂತಿ ಮೊದಲು ಬಂದದ್ದು ಸದಸ್ಯೆಯಾಗಿ ಅಲ್ಲ. ಹೋಟೆಲಿನಲ್ಲಿ ಕ್ಯಾಪ್ಟನ್ ಆಗಿದ್ದ ಗಂಡ ದೇಜಪ್ಪನಿಗೆ ಉಸಿರಾಟದ ಕಾಯಿಲೆ ಬಂದಾಗ ಕ್ಲಬ್ಬಿನವರು ಆಕ್ಸಿಜನ್ ಮಷೀನನ್ನು ಬಿಟ್ಟಿಯಾಗಿ ಎರವಲು ಕೊಟ್ಟಿದ್ದರು. ಅವನು ತೀರಿಕೊಂಡ ಮೇಲೆ ಅದನ್ನು ಹಿಂತಿರುಗಿಸಲು ಬಂದವಳು, ಕ್ಲಬ್ಬಿನ ಸಾಮಾನಿಡುವ ಶಟರಿನೊಳಗೆ ಧೂಳು ತಿನ್ನುತ್ತಿದ್ದ ವ್ಹೀಲ್‌ಚೇರು, ವಾಕರು, ಕಬ್ಬಿಣದ ಮಂಚಗಳನ್ನು ನೋಡಿ, "ಒಂದು ಬಟ್ಟೆ ಉಂಟಾ ಇಲ್ಲಿ?" ಎಂದು ಕೇಳಿದಳು. ಅಂದು ಒರೆಸಲು ಹಿಡಿದ ಬಟ್ಟೆಯನ್ನು ನಾಲ್ಕು ವರ್ಷವಾದರೂ ಬಿಟ್ಟಿರಲಿಲ್ಲ. ಶನಿವಾರ ಶಟರು ತೆರೆದು ಸಾಮಾನು ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಅವಳದೇ.

ಗುರುವಾರ ಸಂಜೆ ಶಾಲೆಯೊಂದರ ಕೋಣೆಯಲ್ಲಿ ಕ್ಲಬ್ಬಿನ ಸಭೆ. ಹಿಂದಿನ ವಾರದ ವರದಿ, ಹುಟ್ಟುಹಬ್ಬದವರಿಗೆ ಚಪ್ಪಾಳೆ, ಚಹಾ, ಬಟಾಟೆವಡೆ. ದಮಯಂತಿ ಕೊನೆಯ ಬೆಂಚಿನಲ್ಲಿ ಕೂತು, ಕರೆದಾಗ ಮಾತ್ರ ಎದ್ದು, ಯಾವ ಸಾಮಾನು ಯಾರ ಮನೆಯಲ್ಲಿದೆ ಎಂದು ಓದಿ ಕೂತುಬಿಡುತ್ತಿದ್ದಳು. ಓದುವಾಗ ಪುಸ್ತಕದಿಂದ ಕಣ್ಣೆತ್ತುತ್ತಿರಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಅಂಬರನಾಥದಿಂದ ಫೋನು ಬಂತು.

"ಅಕ್ಕಾರ, ನಾ ಬಾಲಮ್ಮ ರೀ. ನಮ್ಮ ಮನಿಯವರು ಜಟ್ಟೆಪ್ಪ, ಫ್ಯಾಕ್ಟರಿಯೊಳಗ ಇದ್ರು. ಶನಿವಾರ ದವಾಖಾನಿಯಿಂದ ಬಿಡ್ತಾರಂತ. ಮನ್ಯಾಗ ಆಕ್ಸಿಜನ್ ಮಷೀನ್ ಇಲ್ಲಂದ್ರ ಕರಕೊಂಡ್ ಹೋಗಬ್ಯಾಡ್ರಿ ಅಂತಾರ ಡಾಕ್ಟರು. ಒಂದೊಂದ್ ದಿನಾ ಇಟ್ಟಂಗ ಬಿಲ್ ಏರಾಕತ್ತೈತ್ರಿ. ನಿಮ್ಮ ಕಡೆ ಸಿಗ್ತೈತೇನ್ರೀ?"

ಕ್ಲಬ್ಬಿನಲ್ಲಿದ್ದದ್ದು ಮೂರೇ ಮಷೀನು. ಮೂರೂ ಹೊರಗಿದ್ದವು. "ನೋಡ್ತೇನೆ ಬಾಲಮ್ಮ" ಎಂದು ಫೋನಿಟ್ಟ ದಮಯಂತಿಗೆ ಊಟ ಸೇರಲಿಲ್ಲ. ಎರಡು ಮನೆಗಳಲ್ಲಿ ರೋಗಿಗಳು ಮಷೀನು ಬಿಟ್ಟು ಒಂದು ತಾಸೂ ಇರುವಂತಿರಲಿಲ್ಲ. ಉಳಿದದ್ದು ಖಾರಘರದ ವಿಷ್ಣುಮೂರ್ತಿಯವರ ಮನೆಯದ್ದು. ಅಲ್ಲಿಗೆ ಕೊಟ್ಟು ಐದು ತಿಂಗಳಾಗಿತ್ತು.

ಮರುದಿನ ಬೆಳಿಗ್ಗೆ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ಖಾರಘರಕ್ಕೆ ಹೋದಳು. ಹನ್ನೆರಡನೆಯ ಮಾಳಿಗೆಯಲ್ಲಿ ಬಾಗಿಲು ತೆರೆದದ್ದು ಸೊಸೆ ಸುಮೇಧಾ. ವಿಷ್ಣುಮೂರ್ತಿ ಸೋಫಾದಲ್ಲಿ ಕೂತು ಪೇಪರು ಓದುತ್ತಿದ್ದರು. ಮೂಗಿಗೆ ನಳಿಗೆಯಿಲ್ಲ. ಪಕ್ಕದಲ್ಲಿದ್ದ ಮಷೀನು ಬಂದ್ ಆಗಿತ್ತು.

"ಡಾಕ್ಟರ್ ಬೇಡ ಅಂದು ಒಂದು ತಿಂಗಳಾಯ್ತು ಆಂಟಿ" ಎಂದಳು ಸುಮೇಧಾ ಮೆಲ್ಲಗೆ. "ಪಪ್ಪಾ ಕೇಳೋದೇ ಇಲ್ಲ."

ದಮಯಂತಿ ಜಟ್ಟೆಪ್ಪನ ವಿಷಯ ಹೇಳಿದಳು. ಮುದುಕರ ಕೈ ಮಷೀನಿನ ಹಿಡಿಕೆಯ ಮೇಲೆ ಹೋಯಿತು.

"ಹಗಲು ಬೇಡ ಮಾರಾಯ್ರೇ, ಒಪ್ಪಿದೆ. ಆದರೆ ಒಮ್ಮೆಲೇ ಎಂತಾದರೂ ಆದರೆ? ಆ ಆಸ್ಪತ್ರೆಯ ದಿನ ನನಗೆ ಉಸಿರೇ ಸಿಕ್ಕಿರಲಿಲ್ಲ. ಅದು ನಿಮಗೆ ಗೊತ್ತಾಗುವುದಿಲ್ಲ."

ದೇಜಪ್ಪ ಮಂಚದ ಅಂಚು ಹಿಡಿದು ಗಾಳಿಗಾಗಿ ಬಾಯಿ ತೆರೆಯುತ್ತಿದ್ದುದನ್ನು ಅವಳು ಕಣ್ಣಾರೆ ಕಂಡವಳು. ಬೇಡವಾದ ಸಾಮಾನು ಮರಳಿಸಬೇಕೆಂಬ ಕ್ಲಬ್ಬಿನ ನಿಯಮವನ್ನು ಹೇಳಲು ಹೋಗಲಿಲ್ಲ. ಬರಿಗೈಯಲ್ಲಿ ಹೊರಟಳು. ಗಾಡಿಯಲ್ಲಿ ಕೂತಾಗ ಬಾಲಮ್ಮನ ಫೋನು ಎರಡು ಸಲ ಬಂತು. ಅವಳು ಎತ್ತಲಿಲ್ಲ.

ಆ ಸಂಜೆಯ ಸಭೆಯಲ್ಲಿ ಮುಂದಿನ ತಿಂಗಳ ಸಂಗೀತ ಸಂಜೆಯ ಟಿಕೆಟಿನ ಮಾತು ನಡೆದಿತ್ತು. ಅದರಲ್ಲಿ ಬಂದ ದುಡ್ಡಿನಿಂದ ಹೊಸ ಸಾಮಾನು ಕೊಳ್ಳುವುದೆಂದು ಮೊದಲೇ ತೀರ್ಮಾನವಾಗಿತ್ತು. ದಮಯಂತಿ ಯಾರೂ ಕರೆಯದೆ ಎದ್ದು ನಿಂತಳು. ನೌಪಾಡಾದಲ್ಲಿ ಹೋಟೆಲು ನಡೆಸುವ ಅಧ್ಯಕ್ಷ ಮಧ್ವರಾಜರು ಮಾತು ನಿಲ್ಲಿಸಿದರು.

"ಮುಂದಿನ ತಿಂಗಳು ಅಂದರೆ ಆಗುವುದಿಲ್ಲ" ಎಂದಳು. "ಶನಿವಾರಕ್ಕೆ ಒಂದು ಮಷೀನು ಬೇಕು. ನಾನು ಈವರೆಗೆ ಯಾರ ಹತ್ತಿರವೂ ಏನೂ ಕೇಳಿದವಳಲ್ಲ. ಈಗ ಕೇಳುತ್ತಿದ್ದೇನೆ." ಬಾಲಮ್ಮನ ಫೋನು, ಖಾರಘರದ ಸಂಗತಿ ಎರಡನ್ನೂ ಹೇಳಿದಳು. ಯಾರೋ ಖಾರಘರದವರಿಂದ ಕಿತ್ತು ತರಬೇಕು ಎಂದರು. ಇನ್ಯಾರೋ ಹಾಗೆ ಮಾಡಿದರೆ ನಾಳೆ ಕ್ಲಬ್ಬಿನ ಹೆಸರೇನಾಗುತ್ತದೆ ಎಂದರು. ಮಧ್ವರಾಜರು ಕೈಯೆತ್ತಿ ಸದ್ದು ಅಡಗಿಸಿದರು.

"ಹೊಸ ಮಷೀನಿಗೆ ಅರ್ಧ ದುಡ್ಡು ನನ್ನದು ದಮಯಂತಿಯಕ್ಕ. ಉಳಿದದ್ದಕ್ಕೆ ನಾಳೆ ನೌಪಾಡಾದಲ್ಲಿ ಅಂಗಡಿ ಅಂಗಡಿ ಹತ್ತುವ. ಆದರೆ ಕೇಳುವವರು ನೀವೇ. ನಾನು ಕೇಳಿದರೆ ಸಂಬಂಧಕ್ಕೆ ಕೊಡುತ್ತಾರೆ, ಮಷೀನಿಗಲ್ಲ."

ಶುಕ್ರವಾರ ಅವಳು ರಸೀದಿ ಪುಸ್ತಕ ಹಿಡಿದು ನಡೆದಳು. ಮೊದಲ ಅಂಗಡಿಯಲ್ಲಿ "ಮಾಲಕರಿಲ್ಲ" ಎಂದವನೇ ಮಾಲಕನೆಂದು ಹೊರಗೆ ಬಂದ ಮೇಲೆ ತಿಳಿಯಿತು. ಸೀರೆ ಅಂಗಡಿಯವ ಗಣಪತಿ ಹಬ್ಬದ ವರ್ಗಣಿ, ಚಂದಾ ಕೇಳುವವಳೆಂದು ತಿಳಿದು ನೂರರ ನೋಟು ಎಸೆದ. ಅವಳು ಅವನ ಗಲ್ಲಾದ ಮುಂದೆಯೇ ನಿಂತು, ಮುರುಕು ಮರಾಠಿಯಲ್ಲಿ ಜಟ್ಟೆಪ್ಪನ ಕತೆ ಪೂರ್ತಿ ಹೇಳಿದಳು. ಅವನು ಗಲ್ಲಾ ಮತ್ತೊಮ್ಮೆ ತೆರೆದ. ಆಮೇಲಿನ ಅಂಗಡಿಗಳಲ್ಲಿ ಅಳುಕು ಹೋಯಿತೆಂದಲ್ಲ. ಅಳುಕುತ್ತಲೇ ಕೇಳುವುದು ರೂಢಿಯಾಯಿತು. ಆದರೂ ಸಂಜೆ ಐದಕ್ಕೆ ಲೆಕ್ಕ ಮುಟ್ಟಲಿಲ್ಲ. ಸಾಲದ್ದಕ್ಕೆ, ಮಷೀನು ಮಾರುವವನು ಸ್ಟಾಕಿಲ್ಲ, ಹತ್ತು ದಿನವಾಗುತ್ತದೆ ಎಂದ. ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಆಗ ಫೋನು ಬಂತು. ವಿಷ್ಣುಮೂರ್ತಿ.

"ನಿನ್ನೆ ರಾತ್ರಿ ಅದನ್ನು ಬೇರೆ ಕೋಣೆಯಲ್ಲಿಟ್ಟು ಮಲಗಿ ನೋಡಿದೆ. ನಿದ್ದೆ ಬರಲಿಲ್ಲ. ಆದರೆ ಸಾಯಲೂ ಇಲ್ಲ. ತೆಗೆದುಕೊಂಡು ಹೋಗಿ. ಒಂದು ಮಾತು ಕೊಡಬೇಕು. ನನಗೆ ಬೇಕಾದರೆ ತಕ್ಷಣ ತಂದು ಕೊಡುತ್ತೀರಾ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. "ಮಷೀನಿನ ಮಾತು ಕೊಡಲಾರೆ ರಾಯರೇ" ಎಂದಳು ದಮಯಂತಿ. "ಇದ್ದರೆ ತರುತ್ತೇನೆ. ಇಲ್ಲದಿದ್ದರೂ ನಾನು ಬರುತ್ತೇನೆ."

"ಆಯ್ತು" ಎಂದರು ವಿಷ್ಣುಮೂರ್ತಿ.

ಶನಿವಾರ ಮಧ್ವರಾಜರ ಕಾರಿನಲ್ಲಿ ಮಷೀನು ಅಂಬರನಾಥ ಸೇರಿತು. ಜಟ್ಟೆಪ್ಪ ತನ್ನ ಮಂಚದಲ್ಲಿ ಮಲಗಿ, ನಳಿಗೆ ಹಚ್ಚಿಕೊಂಡು, "ಚಾ ಮಾಡ ಬಾಲಿ, ಅಕ್ಕಾರು ನಿಂತಾರ" ಎಂದ. ಬಾಲಮ್ಮ ಅಳುತ್ತಲೇ ಒಲೆ ಹಚ್ಚಿದಳು.

ದಮಯಂತಿಗೆ ಮಾತ್ರ ನೆಮ್ಮದಿ ಬರಲಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಖಾರಘರವೇ ಎಂದು ಮೊದಲು ನಂಬರು ನೋಡುತ್ತಿದ್ದಳು. ಬಾಕಿ ವರ್ಗಣಿಯನ್ನು ಕಲ್ಯಾಣ ಪೇಟೆಯ ಅಂಗಡಿಗಳಲ್ಲಿ ತಿರುಗಾಡಿ ಕೂಡಿಸಿದಳು. ಹನ್ನೊಂದನೆಯ ದಿನ ಹೊಸ ಮಷೀನು ಶಟರಿಗೆ ಬಂದಿಳಿಯಿತು. ಮರುದಿನ ಬೆಳಿಗ್ಗೆ ಸುಮೇಧಾಳ ಫೋನು: "ಆಂಟಿ, ಪಪ್ಪಾಗೆ ಉಸಿರು ಕಟ್ತಾ ಇದೆ. ಡಾಕ್ಟರನ್ನ ಕರೆದಿದ್ದೀನಿ."

ಹೊಸ ಮಷೀನಿನ ಪೆಟ್ಟಿಗೆಯನ್ನು ಟ್ಯಾಕ್ಸಿಗೆ ಹೇರಿ, ದಾರಿಯುದ್ದಕ್ಕೂ ಸೆರಗು ಹಿಂಡುತ್ತಾ ಅವಳು ಖಾರಘರ ಮುಟ್ಟಿದಾಗ ಡಾಕ್ಟರು ಬಂದು ಹೋಗಿದ್ದರು. ವಿಷ್ಣುಮೂರ್ತಿ ದಿಂಬಿಗೆ ಒರಗಿದ್ದರು. ಬೆರಳಿನ ಆಕ್ಸಿಜನ್ ಮೀಟರು ತೊಂಬತ್ನಾಲ್ಕು ತೋರಿಸುತ್ತಿತ್ತು, ಭಯಪಡುವಷ್ಟು ಕಡಿಮೆಯಲ್ಲ.

"ಧೂಳಿಗೆ ಆದದ್ದಂತೆ. ಉಸಿರಿನ ಔಷಧದ ಪಂಪು ಹೊಡೆದೆ, ಇಳಿಯಿತು" ಎಂದು ಅವರು ಪೆಟ್ಟಿಗೆಯನ್ನು ನೋಡಿದರು. ತುಂಬ ಹೊತ್ತು ನೋಡಿದರು. "ಅದನ್ನು ಬಿಚ್ಚಬೇಡಿ. ಬೇರೆ ಯಾರಿಗಾದರೂ ಬೇಕಾದೀತು."

"ಸರಿ" ಎಂದಳು ದಮಯಂತಿ. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಕುರ್ಚಿ ಎಳೆದು ಹತ್ತಿರ ಕೂತಳು. ಅವರು ಬೇಡ ಬೇಡವೆಂದರೂ ಹತ್ತು ನಿಮಿಷಕ್ಕೊಮ್ಮೆ ಅವರ ಬೆರಳಿಗೆ ಮೀಟರು ಹಾಕಿ ನೋಡುತ್ತಾ, ಮಧ್ಯಾಹ್ನದ ಊಟದವರೆಗೂ ಅಲ್ಲೇ ಇದ್ದಳು.