ಬಂದಳಿಕೆ ಬಿಡಿಸಿದ್ದು

ತಾಳಗುಂದದಿಂದ ಉಳವಿಗೆ ನಾನು ಸೊಸೆಯಾಗಿ ಬಂದದ್ದು ಕನ್ನಡದ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾದ ಮಾರನೆಯ ವರ್ಷ. ಹಿತ್ತಲಿನಲ್ಲಿ ಒಂದು ಮಾವಿನ ಮರವಿತ್ತು. ಅದರ ಮಿಡಿಯೇ ಮನೆಯ ವರ್ಷದ ಉಪ್ಪಿನಕಾಯಿ. ಆದರೆ ಅರ್ಧ ಮರವನ್ನು ಬಂದಳಿಕೆ ನುಂಗಿತ್ತು. ಮಾವಿನ ಕೊಂಬೆಗೇ ಬೇರಿಳಿಸಿ, ಅದರ ಸಾರ ಹೀರಿ ಬೆಳೆಯುವ ಗಿಡ ಅದು. ಆ ಸಲ ಮರ ಹೂವನ್ನೇ ಬಿಡಲಿಲ್ಲ. ಸೌದೆಗಾದರೂ ಆಗಲಿ ಎಂದು ಮಾವ ಕಡಿಯುವವರಿಗೆ ಹೇಳಿಬಿಟ್ಟಿದ್ದರು. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರು ಈ ಮನೆಗೆ ಬಂದಾಗಿನಿಂದ ಮಿಡಿ ಕೊಟ್ಟ ಮರ.

ಬಂದಳಿಕೆಯನ್ನಷ್ಟೇ ಕಿತ್ತರೆ ಅದು ಮತ್ತೆ ಚಿಗುರುತ್ತದೆ, ಕಚ್ಚಿಕೊಂಡ ಗಂಟಿನ ಕೆಳಗೆ ಕೊಂಬೆಯನ್ನೇ ಕಡಿಯಬೇಕು. ತವರಿನಲ್ಲಿ ಅಪ್ಪನ ಜೊತೆ ಮರ ಹತ್ತಿ ನಾನು ಕಲಿತ ಕೆಲಸ ಅದು. ಗಂಡಸರು ಸೊರಬದ ಸಂತೆಗೆ ಹೋದ ದಿನ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹೆಂಗಸು ಮರ ಹತ್ತಿದರೆ ಊರು ಆಡಿಕೊಳ್ಳುತ್ತದೆ ಎಂದು ಅತ್ತೆ ಹೆದರಿದರು. ಆದರೂ ಏಣಿ ಹಿಡಿದುಕೊಂಡರು.

ಮಧ್ಯಾಹ್ನದವರೆಗೂ ಕಡಿದೆ. ಹಸಿವಾದಾಗ ಬಂದಳಿಕೆಯ ಕೆಂಪು ಹಣ್ಣನ್ನೇ ಕಿತ್ತು ತಿಂದೆ. ಸಿಹಿ, ಆದರೆ ತುಟಿಗೆಲ್ಲ ಅಂಟು. ಕಾಲು ಜಾರಿ ಮೊಣಕಾಲ ಕೆಳಗೆ ಉದ್ದಕ್ಕೂ ತರಚಿತು. ಇಳಿಯಲಿಲ್ಲ.

ಸಂತೆ ಮುಗಿಸಿ ಮಾವ ಬಂದು ಕೆಳಗೆ ನಿಂತರು.

"ಕೆಳಗಿಳಿ. ನಾಳೆ ಕಡಿಯೋರು ಬರ್ತಾರೆ."

"ಇನ್ನ ಎಲ್ಡು ಕೊಂಬಿ ಉಳದಾವ್ರೀ ಮಾವ. ಮುಗಿಸೇ ಇಳೀತೀನಿ."

ಹಾಗೆ ಎದುರಾಡಿದ್ದು ಅದೇ ಮೊದಲು. ಆದರೂ ಕೈ ನಿಲ್ಲಲಿಲ್ಲ. ಅವರು ಬೈಯಲಿಲ್ಲ, ಒಳಗೂ ಹೋಗಲಿಲ್ಲ. ಕೊನೆಯ ಕೊಂಬೆ ಬಿದ್ದ ಮೇಲೆ ಏಣಿಯ ಇನ್ನೊಂದು ಕಾಲನ್ನು ತಾವೇ ಹಿಡಿದರು.

ಅತ್ತೆ ಬಿದ್ದ ಬಂದಳಿಕೆಯ ತೊಗಟೆ ಕೆತ್ತಿ ಅರೆದು ನನ್ನ ಗಾಯಕ್ಕೆ ಮೆತ್ತಿದರು. ಎಲೆಗಳನ್ನು ಪಕ್ಕದ ಮನೆಯ ಆಡುಗಳು ಸಂಜೆಯೊಳಗೆ ಮುಗಿಸಿದವು. ಕಡಿಯುವವರನ್ನು ಮಾವ ಬೆಳಿಗ್ಗೆ ಬಾಗಿಲಿನಿಂದಲೇ ವಾಪಸು ಕಳಿಸಿದರು.

ಮುಂದಿನ ವರ್ಷ ಅಲ್ಲೊಂದು ಇಲ್ಲೊಂದು ಗೊಂಚಲು ಹೂವು. ಅದರ ಮುಂದಿನ ವರ್ಷ ಎರಡು ಜಾಡಿ ಮಿಡಿ. ಅಷ್ಟರಲ್ಲಿ ಊರಿನ ಇನ್ನೂ ಮೂರು ಮನೆಯವರು ತಮ್ಮ ಮರಕ್ಕೂ ಬರುತ್ತೀಯಾ ಎಂದು ಕೇಳಿದ್ದರು. ಹೋದೆ. ಎರಡನೆಯ ಬಸಿರಿನವರೆಗೂ ಹತ್ತಿದೆ.