ಏನೋ ಓದ್ತದೆ

ನಮ್ಮಪ್ಪ ಯಾವುದನ್ನೂ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದವನಲ್ಲ. ಓಡೈಪಟ್ಟಿಯ ನಮ್ಮ ಅಂಗೈಯಗಲದ ಚಪ್ಪರದಲ್ಲಿ ದ್ರಾಕ್ಷಿ ಗೊಂಚಲು ತಲೆಗೆ ತಾಗುವಂತೆ ಇಳಿಬಿದ್ದಿದ್ದರೂ ಕಂಬಂನಿಂದ ಬಂದ ವ್ಯಾಪಾರಿಗೆ, "ಏನೋ ನಾಕು ಕಾಯಿ ತೂಗ್ತದೆ" ಎನ್ನುತ್ತಿದ್ದ. ಭಾನುವಾರ ಮಟನ್ ಸಾರು ಉಂಡು ಜಗಲಿಗೆ ಬಂದಾಗ ಪಕ್ಕದ ಮನೆಯವರು ಊಟ ಆಯ್ತಾ ಅಂದರೆ, "ಏನೋ ಗಂಜಿ ಕುಡಿದೆ" ಎನ್ನುವನು. ಸಾರಿನ ಘಮ ಅವರ ಅಡುಗೆಮನೆಯ ತನಕ ಹೋಗಿರುತ್ತಿತ್ತು! ಚೆನ್ನಾಗಿರುವುದಕ್ಕೆ ಕಣ್ಣು ಬೀಳುತ್ತದೆ, ಆಗಬೇಕಾದ್ದನ್ನು ಮೊದಲೇ ಹೇಳಿದರೆ ಆಗುವುದಿಲ್ಲ ಎಂಬುದು ಅವನ ನಂಬಿಕೆ. ತಮಿಳುನಾಡಿನಲ್ಲಿ ನೆಲೆಸಿದ ನಮ್ಮ ಕನ್ನಡದ ಜನರಲ್ಲಿ ಎಲ್ಲರಿಗೂ ಇದ್ದದ್ದೇ, ಅಪ್ಪನಿಗೆ ಸ್ವಲ್ಪ ಹೆಚ್ಚು.

ಅಪ್ಪ ತೇನಿ ರಸ್ತೆಯ ನೂಲಿನ ಮಿಲ್ಲಿನಲ್ಲಿ ಫಿಟ್ಟರ್. ಕೆಲಸಗಾರರ ಮಕ್ಕಳು ಕಾಲೇಜು ಓದಲೆಂದು ಮಿಲ್ಲಿನವರು ವರ್ಷವರ್ಷ ಸ್ಕಾಲರ್‌ಶಿಪ್ ಕೊಡುತ್ತಿದ್ದರು. ಕ್ಯಾಂಟೀನ್ ಹಾಲಿನಲ್ಲಿ ಸಭೆ. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೆತ್ತವರು ಮೈಕಿನಲ್ಲಿ ಅವರ ಗುರಿ ಹೇಳಬೇಕು. ನನಗೆ ವಕೀಲಳಾಗುವ ಹಟ. ಸ್ಕಾಲರ್‌ಶಿಪ್ ಸಿಕ್ಕರೆ ಮದುರೈಯಲ್ಲಿ ಲಾ ಕಾಲೇಜು, ಇಲ್ಲದಿದ್ದರೆ ಅದೇ ಮಿಲ್ಲು.

ನಮಗಿಂತ ಮುಂದಿದ್ದವರೆಲ್ಲ ಕಲೆಕ್ಟರ್, ಡಾಕ್ಟರ್ ಎಂದು ದನಿಯೆತ್ತಿ ಹೇಳಿದರು. ಅಪ್ಪನ ಸರದಿ ಬಂತು. ಮಗಳು ಏನಾಗುತ್ತಾಳೆ ಎಂದು ಆಫೀಸರ್ ಕೇಳಿದರು. ಅಪ್ಪ ಹಾಲನ್ನೆಲ್ಲ ಒಮ್ಮೆ ನೋಡಿ ತಮಿಳಿನಲ್ಲಿ ಹೇಳಿದ್ದಿಷ್ಟು: ಏನೋ ಓದ್ತದೆ ಸಾರ್, ಅಂಥಾ ಕೆಟ್ಟಿಕಾರಿಯೇನಲ್ಲ. ಕೆಟ್ಟಿಕಾರಿ ಎಂದರೆ ಜಾಣೆ. ಪರೀಕ್ಷೆಯಲ್ಲಿ ಇಡೀ ಸ್ಕೂಲಿಗೇ ಮೊದಲು ಬಂದವಳು ನಾನು. ಆಫೀಸರ್ ಅವನ ಮಾತನ್ನು ಹಾಗೇ ನಂಬಿದರು. ನನ್ನ ಕಿವಿ ಸುಡುತ್ತಿತ್ತು. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

"ಯಾಕಪ್ಪಾ ಹಂಗಂದೆ?" ಬಸ್ಸಿನಲ್ಲಿ ಅಳುತ್ತ ಕೇಳಿದೆ.

"ಅಷ್ಟು ಜನ ನೋಡ್ತಿದ್ರು ಪಾಪಾ. ಕಣ್ಣು ಬಿದ್ರೆ?" ನನ್ನನ್ನು ಅವನು ಕರೆಯುತ್ತಿದ್ದದ್ದೇ ಪಾಪಾ ಎಂದು.

ಆ ವರ್ಷ ನಾನು ಅದೇ ಮಿಲ್ಲಿಗೆ ನೂಲು ಸುತ್ತಲು ಹೋದೆ. ಮೆಷಿನ್ ಸರಿಮಾಡಲು ನಮ್ಮ ವಿಭಾಗಕ್ಕೆ ಬಂದಾಗ ಅಪ್ಪ ಸ್ಪ್ಯಾನರ್ ಹಿಡಿದು ತಲೆತಗ್ಗಿಸಿಕೊಂಡೇ ಹೋಗುತ್ತಿದ್ದ. ನಾನಂತೂ ಮಾತು ಬಿಟ್ಟಿದ್ದೆ. ಅವ್ವನ ಮೂಲಕವೇ ನಮ್ಮ ವ್ಯವಹಾರ.

ಮರುವರ್ಷ ಮತ್ತೆ ಅದೇ ಹಾಲು, ಅದೇ ಮೈಕು. ಅಪ್ಪ ಮೈಕು ಹಿಡಿದ. ಒಮ್ಮೆ ಉಸಿರೆಳೆದುಕೊಂಡ. ಪಕ್ಕಕ್ಕೆ ತಿರುಗಿ, ಆಫೀಸರುಗಳ ಮುಂದೆಯೇ, "ತೂ, ತೂ" ಎಂದು ದೃಷ್ಟಿ ತಾಗದಿರಲೆಂದು ಉಗಿದ. ತೊಳೆದ ನೆಲದ ಮೇಲೇ ಉಗುಳು ಬಿತ್ತು. ಆಮೇಲೆ ತಮಿಳು ಮರೆತು, ಹೊರಗೆ ಯಾರೂ ಆಡದ ನಮ್ಮ ಮನೆಮಾತು ಕನ್ನಡದಲ್ಲೇ ಕೂಗಿದ: "ನನ್ ಮಗ್ಳು ವಕೀಲೆ ಆಗ್ತಾಳೆ! ಬಾಳ ಕೆಟ್ಟಿಕಾರಿ!"

ಹಾಲೆಲ್ಲ ನಕ್ಕಿತು. ನಮ್ಮವರೇ ಒಬ್ಬರು ಎದ್ದು ಅದನ್ನು ತಮಿಳಿನಲ್ಲಿ ಹೇಳಬೇಕಾಯಿತು. ಸ್ಕಾಲರ್‌ಶಿಪ್ ಸಿಕ್ಕಿತು, ನಾನು ಮಾತ್ರ ನಾಚಿಕೆಯಿಂದ ತಲೆಯೆತ್ತಲಿಲ್ಲ. ಕಾಲೇಜು ಸೇರಿದ ಮೊದಲ ಮಳೆಗಾಲದಲ್ಲೇ ನನಗೆ ಕಾಮಾಲೆಯಾಯಿತು. "ನಾನ್ ಬಾಯ್ ಬಿಟ್ಟಿದ್ದಕ್ಕೇ" ಎಂದು ಅಪ್ಪ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತು ಅತ್ತ. ಮತ್ತೆಂದೂ ನನ್ನ ವಿಷಯ ಯಾರ ಹತ್ತಿರವೂ ಎತ್ತಲಿಲ್ಲ.

ಅವನನ್ನು ಕೊನೆಯ ಸಲ ನೋಡಿದ್ದು ತೇನಿಯ ಆಸ್ಪತ್ರೆಯಲ್ಲಿ. ಕೋರ್ಟಿನಿಂದ ನೇರ ಬಂದಿದ್ದೆ, ಕರಿಕೋಟು ಮೈಮೇಲೇ ಇತ್ತು. ಮಗಳು ಲಾಯರಾ ಎಂದು ನರ್ಸ್ ಕೇಳಿದರೆ ಅಪ್ಪ, ಏನೋ ಮಾಡ್ತದೆ ಸಿಸ್ಟರ್, ಅಂದ. ಹಳೆಯ ನಾಚಿಕೆ ಮತ್ತೆ ಬಂತು. ಅದನ್ನು ನುಂಗಿಕೊಂಡು ಕೇಳಿದೆ, "ಎಂಗಿದೀಯಪ್ಪಾ?"

"ಚೆನ್ನಾಗಿವ್ನಿ ಪಾಪಾ. ಬಾಳ ಚೆನ್ನಾಗಿವ್ನಿ."

ಅವನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಇನ್ನು ಕಣ್ಣು ಬೀಳದಂತೆ ಕಾಯಬೇಕಾದ್ದು ಏನೂ ಉಳಿದಿಲ್ಲ ಎನ್ನುವಂತಿತ್ತು ಅವನ ದನಿ. ನಾನು ಕರಿಕೋಟಿನಲ್ಲೇ ಪಕ್ಕಕ್ಕೆ ತಿರುಗಿ, "ತೂ, ತೂ" ಎಂದು ಆಸ್ಪತ್ರೆಯ ನೆಲದ ಮೇಲೆ ಉಗಿದುಬಿಟ್ಟೆ. ಓದಿದವಳು ಹೀಗೆ ಮಾಡಬಹುದಾ ಎಂದು ನರ್ಸ್ ರೇಗಿದಳು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಅಪ್ಪ ಮಾತ್ರ ನನ್ನ ಕೈ ಹಿಡಿದು ಸರಿ ಎನ್ನುವಂತೆ ತಲೆಯಾಡಿಸಿದ.

ಬೆಳಗಾಗುವುದರೊಳಗೆ ಹೊರಟೇಹೋದ.