ಚೌಕಟ್ಟಿನಾಚೆ ಕೂತ ಸೆವ್ದಾ

ರಾಜಧಾನಿ ಸೋಫಿಯಾದ ಅಂಚಿನ ಹಳೆಯ ನೂಲಿನ ಗಿರಣಿಯಲ್ಲಿ ಈಗ ಧಾರಾವಾಹಿಗಳ ಚಿತ್ರೀಕರಣ ನಡೆಯುತ್ತದೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ವಿತೊಶಾ ಬೆಟ್ಟದ ಕಡೆಯಿಂದ ಬಂದ ಗಾಳಿ ಒಡೆದ ಗಾಜಿನ ಸಂದಿಯಲ್ಲಿ ಸಿಳ್ಳೆ ಹಾಕುತ್ತಿದೆ. ದೀಪಗಳ ನಡುವೆ, ಹಲಗೆಯಲ್ಲಿ ಕಟ್ಟಿದ ಅಡುಗೆಮನೆಯಲ್ಲಿ ನಾಯಕಿ ಬಿಲ್ಯಾನಾ ನಿಂತಿದ್ದಾರೆ. ಅವರೆದುರು ಕ್ಯಾಮೆರಾ. ಕ್ಯಾಮೆರಾಕ್ಕೆ ಅಂಟಿಕೊಂಡಂತೆ ಮರದ ಪೆಟ್ಟಿಗೆಯ ಮೇಲೆ, ಮಂಡಿಗೆ ಶಾಲು ಹೊದ್ದು, ಅರವತ್ತೆಂಟರ ಸೆವ್ದಾ ತಾನೆವಾ ಕೂತಿದ್ದಾರೆ.

"ಹೋಗ್ತೀಯಾ? ಹೋಗು. ಬಾಗಿಲು ಮಾತ್ರ ಮೆಲ್ಲಗೆ ಹಾಕ್ಕೊಂಡು ಹೋಗು, ಮಗು ಮಲಗಿದೆ" ಅನ್ನುತ್ತಾರೆ ಸೆವ್ದಾ. ದನಿ ಏರಿಲ್ಲ. ಕಣ್ಣು ಮಾತ್ರ ಬಿಲ್ಯಾನಾರನ್ನು ಬಿಡುತ್ತಿಲ್ಲ. ಬಿಲ್ಯಾನಾರ ಗದ್ದ ನಡುಗುತ್ತದೆ, ಕಣ್ಣು ತುಂಬುತ್ತದೆ. ನಿರ್ದೇಶಕ ರುಮೆನ್ "ಸಾಕು, ಚೆನ್ನಾಗಿ ಬಂತು" ಎಂದು ಕೂಗುತ್ತಾರೆ. ಎಲ್ಲರೂ ಬಿಲ್ಯಾನಾರ ಸುತ್ತ ಸೇರುತ್ತಾರೆ. ಸೆವ್ದಾ ತಮ್ಮ ಕಣ್ಣೊರೆಸಿಕೊಂಡು, ದೀಪದವರ ದಾರಿಗೆ ಅಡ್ಡವಾಗದಂತೆ ಪೆಟ್ಟಿಗೆಯನ್ನು ಎಳೆದು ಬದಿಗಿಡುತ್ತಾರೆ.

ಸೆವ್ದಾರ ಕೆಲಸವೇ ಇದು. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬೊಬ್ಬರ ಮುಖವನ್ನು ಬೇರೆ ಬೇರೆಯಾಗಿ ಚಿತ್ರಿಸುತ್ತಾರೆ. ಹೆಸರಾಂತ ಕಲಾವಿದರು ತಮ್ಮ ಭಾಗ ಮುಗಿಸಿ ಕಾರು ಹತ್ತುತ್ತಾರೆ. ಉಳಿದವರು ಗೋಡೆಗೆ ಮಾತಾಡಲಾದೀತೇ? ಹೋದವರ ಜಾಗದಲ್ಲಿ ಸೆವ್ದಾ ಕೂತು ಅವರ ಮಾತು ಆಡುತ್ತಾರೆ. ಅತ್ತೆ, ವಕೀಲ, ಮೋಸ ಮಾಡಿದ ಗಂಡ, ಎಲ್ಲವೂ ಅವರೇ. ಆಮೇಲೆ ಆ ದನಿಯನ್ನೂ ಅಳಿಸಿ ನಿಜವಾದ ಕಲಾವಿದರ ದನಿ ಸೇರಿಸುತ್ತಾರೆ. ಮುಖವೂ ಉಳಿಯುವುದಿಲ್ಲ, ದನಿಯೂ ಉಳಿಯುವುದಿಲ್ಲ.

ಒಂದು ಕಾಲಕ್ಕೆ ಈ ಮುಖ ಊರಿಗೆಲ್ಲ ಗೊತ್ತಿತ್ತು. ರೊದೋಪಿ ಬೆಟ್ಟಸೀಮೆಯ ಚಮ್ಮಾರನ ಮಗಳು ಸೆವ್ದಾ ನಾಟಕ ಕಲಿಯಲು ರಾಜಧಾನಿಗೆ ಬಂದರು. ಮೊದಲ ಸಿನಿಮಾದಲ್ಲಿ ಅಂಚೆ ಹಂಚುವ ಹುಡುಗಿಯ ಪಾತ್ರ. ಆ ಹುಡುಗಿಯನ್ನು ಪ್ರೀತಿಸುವ ಸರ್ವೇಯರನಾಗಿ ಕ್ರುಮ್ ವೆಲ್ಚೆವ್. "ಟ್ರಾಮಿನಲ್ಲಿ ಜನ ಜಾಗ ಬಿಟ್ಟುಕೊಡ್ತಿದ್ರು. ನಮಗೆ ಕಾಗದ ಬಂದಿದ್ಯಾ ಅಂತ ತಮಾಷೆ ಮಾಡ್ತಿದ್ರು" ಎಂದು ಸೆವ್ದಾ ನಗುತ್ತಾರೆ.

ಆಮೇಲೆ ಕಮ್ಯುನಿಸ್ಟ್ ಸರ್ಕಾರ ಬಿತ್ತು, ಅದರ ಹಣದಲ್ಲಿ ನಡೆಯುತ್ತಿದ್ದ ಸ್ಟುಡಿಯೋಗಳು ಮುಚ್ಚಿದವು. ಸೆವ್ದಾರನ್ನು ಮದುವೆಯಾಗಿದ್ದವನು ಬೇರೆ ಸಂಸಾರ ಹೂಡಿದ. ಮಕ್ಕಳಿರಲಿಲ್ಲ. ಸೆವ್ದಾ ವರ್ಷಗಟ್ಟಲೆ ಉಣ್ಣೆ ಅಂಗಡಿಯಲ್ಲಿ ನಿಂತರು. ಧಾರಾವಾಹಿಗಳ ಕಾಲ ಬಂದಾಗ ಪಕ್ಕದ ಮನೆಯಾಕೆಯ ಪಾತ್ರ ಸಿಕ್ಕಿತು. ಎರಡನೇ ವರ್ಷ ಕಥೆಯಲ್ಲಿ ಆ ಪಾತ್ರವನ್ನು ದೂರದ ವಾರ್ನಾದಲ್ಲಿರುವ ತಂಗಿಯ ಮನೆಗೆ ಕಳಿಸಿಬಿಟ್ಟರು. "ಅಲ್ಲಿಂದ ನನ್ನನ್ನ ಯಾರೂ ವಾಪಸ್ ಕರೀಲಿಲ್ಲ. ಇನ್ನೂ ವಾರ್ನಾದಲ್ಲೇ ಇದ್ದೀನಿ ಅನ್ಕೊಳ್ಳಿ" ಎನ್ನುತ್ತಾರೆ. ಆಗಲೇ ರುಮೆನ್ ಕೇಳಿದ್ದು, ಕ್ಯಾಮೆರಾ ಪಕ್ಕ ಕೂತು ಮಾತು ಕೊಡ್ತೀರಾ ಅಂತ. ಸೆವ್ದಾ ಒಪ್ಪಿಕೊಂಡರು.

ಅದೇ ಧಾರಾವಾಹಿಯಲ್ಲಿ ದ್ರಾಕ್ಷಿತೋಟದ ಯಜಮಾನನ ಪಾತ್ರ ಕ್ರುಮ್ ವೆಲ್ಚೆವ್ ಅವರದು. ಬಿಳಿ ಮೀಸೆ, ಭಾರೀ ದನಿ. ಮನೆಮನೆಯಲ್ಲೂ ಅಭಿಮಾನಿಗಳು. ಇಲ್ಲಿಂದ ಮುಂದಿನ ಸಂಗತಿ ಬರೆಯಲು ಅವರ ಮಗಳು ನನಗೆ ಒಪ್ಪಿಗೆ ಕೊಟ್ಟಿದ್ದಾರೆ.

ಒಂದು ಬೆಳಿಗ್ಗೆ ಕ್ರುಮ್ ಮಾತಿನ ನಡುವೆ ನಿಂತುಬಿಟ್ಟರು. ಸುತ್ತ ನೋಡಿದರು, ಅಪರಿಚಿತರ ಮನೆಯಲ್ಲಿ ಎಚ್ಚರವಾದವರ ಹಾಗೆ. ಕ್ಯಾಮೆರಾ ಓಡುತ್ತಿತ್ತು. ಯಜಮಾನನ ಹೆಂಡತಿಯ ಮಾತು ಆಡಲು ಪಕ್ಕದಲ್ಲಿ ಸೆವ್ದಾ ಕೂತಿದ್ದರು. ಮರೆತ ಸಾಲನ್ನು ಅವರು ಪಿಸುಗುಟ್ಟಲಿಲ್ಲ. ಹೆಂಡತಿಯಾಗಿಯೇ ಕೇಳಿದರು: "ಏನ್ರೀ, ತೋಟ ಮಾರೋ ವಿಷಯ ತಾನೇ ಹೇಳೋಕೆ ಬಂದಿದ್ದು? ಹೇಳಿಬಿಡಿ, ನಾನೇನೂ ಅಳಲ್ಲ."

ಕ್ರುಮ್ ಮುಖಕ್ಕೆ ಜೀವ ಬಂತು. ಸಾಲು ನೆನಪಾಯಿತು. ನಿರ್ದೇಶಕರಿಗೆ ಏನೂ ಗೊತ್ತಾಗಲಿಲ್ಲ.

ಆಮೇಲೆ ಮೆಟ್ಟಿಲ ಬಳಿ ಕ್ರುಮ್ ಸೆವ್ದಾರ ತೋಳು ಹಿಡಿದರು. "ಸೆವ್ದಾ, ಯಾರಿಗೂ ಹೇಳ್ಬೇಡ ಕಣೇ."

"ಏನನ್ನ?"

"ಅದೇ ಮರೆತೋಯ್ತು ನೋಡು."

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೂ ಕ್ರುಮ್ ತೋಳು ಬಿಡಲಿಲ್ಲ. ಕಿವಿಯಲ್ಲಿ ಸಾಧನ ಇಟ್ಟು ಹೇಳಿಕೊಡಲೂ ಆಗದು. ಅವರ ಕಿವಿ ಮಂದವಾಗಿ ಬಹಳ ಕಾಲವಾಗಿತ್ತು, ಎದುರಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ವಿಷಯ ವಾಹಿನಿಯವರಿಗೆ ತಿಳಿದರೆ ಪಾತ್ರ ಮುಗಿಯುತ್ತಿತ್ತು, ಅದರೊಂದಿಗೆ ಮನುಷ್ಯನೂ.

ಮೂರು ಚಳಿಗಾಲ ಹೀಗೇ ನಡೆಯಿತು. ಸೆವ್ದಾ ಮುಂಜಾನೆ ಅವರ ಮನೆಗೆ ಹೋಗಿ, ಚೀಸ್ ತುಂಬಿ ಬೇಯಿಸಿದ ಬನಿತ್ಸಾ ತಿನ್ನಿಸುತ್ತ ಅಂದಿನ ಮಾತು ಹೇಳಿಸುತ್ತಿದ್ದರು. ಚಿತ್ರೀಕರಣದಲ್ಲಿ ಎದುರಿನ ಕಲಾವಿದರು ಇದ್ದಾಗಲೂ ಕ್ರುಮ್ ಕ್ಯಾಮೆರಾ ಪಕ್ಕದ ಪೆಟ್ಟಿಗೆಯತ್ತಲೇ ನೋಡುತ್ತಿದ್ದರು. ಈ ನಡುವೆ ಇನ್ನೊಂದು ಧಾರಾವಾಹಿಯವರು ಸೆವ್ದಾಗೆ ಅಜ್ಜಿಯ ಪಾತ್ರ ಕೊಡಲು ಬಂದರು. ದೊಡ್ಡ ಪಾತ್ರ. ಆದರೆ ಚಿತ್ರೀಕರಣ ಬೇರೆ ಊರಿನಲ್ಲಿ. ಸೆವ್ದಾ ಮೊಣಕಾಲು ನೋವಿನ ನೆಪ ಹೇಳಿದರು.

ಸಂಕಟವಾಗಲಿಲ್ಲವೇ ಎಂದು ಕೇಳುತ್ತೇನೆ.

"ಆಗದೇ ಏನು? ಆ ಪಾತ್ರ ಮಾಡಿದೋಳನ್ನ ಟಿ.ವಿ.ಯಲ್ಲಿ ನೋಡ್ತಾ ತಟ್ಟೆ ಎತ್ತಿ ಒಡೆದೆ. ಚೆನ್ನಾಗೇ ಮಾಡಿದ್ಲು, ಅದಕ್ಕೇ ಒಡೆದಿದ್ದು. ಮಾರನೇ ದಿನ ಕ್ರುಮ್ ಕೇಳ್ದ, ಯಾಕೆ ಮುಖ ಸಪ್ಪಗಿದೆ ಅಂತ. ತಟ್ಟೆ ಒಡೀತು ಅಂದೆ. ನಮ್ಮನೇಲಿ ಬೇಕಾದಷ್ಟಿವೆ, ತಗೊಂಡು ಹೋಗು ಅಂದ."

ಕಳೆದ ವಸಂತದಲ್ಲಿ ಯಜಮಾನ ಸಾಯುವ ದೃಶ್ಯ ಬಂತು. ಅಷ್ಟರಲ್ಲಿ ಕ್ರುಮ್‌ಗೆ ಸೆವ್ದಾರ ಗುರುತೂ ಸಿಗುತ್ತಿರಲಿಲ್ಲ. ಮಂಚದ ಮೇಲೆ ಮಲಗಿಕೊಂಡು ಮರ್ಯಾದೆಯಿಂದ ವಿಚಾರಿಸಿದರಂತೆ, "ಏನಮ್ಮಾ, ನೀವು ಇಲ್ಲೇ ಕೆಲಸ ಮಾಡೋದಾ?"

"ಹೌದು ಸ್ವಾಮಿ."

"ಜನ ಒಳ್ಳೆಯವರಾ?"

"ಪರವಾಗಿಲ್ಲ."

"ಹಾಗಾದ್ರೆ ಸ್ವಲ್ಪ ಹೊತ್ತು ಕೂತಿರಿ. ನನಗೆ ಇಲ್ಲಿ ಯಾರೂ ಪರಿಚಯ ಇಲ್ಲ."

ಸೆವ್ದಾ ಕೂತರು. ದೀಪ ಉರಿಯಿತು. ಹೆಂಡತಿಯಾಗಿ ಅವರು ಒಂದೊಂದೇ ಪ್ರಶ್ನೆ ಕೇಳುತ್ತ ಹೋದರು. ಕ್ರುಮ್ ಒಂದೂ ತಪ್ಪದೆ ಉತ್ತರಿಸಿದರು. ಪ್ರಸಾರವಾದ ದೃಶ್ಯದಲ್ಲಿ ಪ್ರಶ್ನೆ ಕೇಳುವ ದನಿ ಇನ್ನೊಬ್ಬ ನಟಿಯದು. ಆದರೆ ಕ್ರುಮ್ ಕಣ್ಣು ಯಾರನ್ನು ನೋಡುತ್ತಿತ್ತೆಂಬುದು ಅಂದು ಅಲ್ಲಿದ್ದವರಿಗೆ ಗೊತ್ತು.

ಅಕ್ಟೋಬರಿನಲ್ಲಿ ಕ್ರುಮ್ ತೀರಿಕೊಂಡರು. ಚರ್ಚಿನ ಮುಂದೆ ಜನ ಕಿಕ್ಕಿರಿದಿದ್ದರು. ಸೆವ್ದಾ ಎರಡು ಬಿಳಿ ಹೂ ಹಿಡಿದು ಬಾಗಿಲ ಬಳಿ ನಿಂತಿದ್ದರು. ತೆರೆಯ ಮೇಲಿನ ಹೆಂಡತಿ ಮಾಧ್ಯಮದವರೆದುರು ಅಳುತ್ತಿದ್ದಾಗ ಕ್ಯಾಮೆರಾ ಹಿಡಿದವನೊಬ್ಬ ಕೈಬೀಸಿದ: "ಅಜ್ಜೀ, ಒಂಚೂರು ಪಕ್ಕಕ್ಕೆ ಹೋಗಿ, ಅಡ್ಡ ಬರ್ತಿದ್ದೀರ." ಸೆವ್ದಾ ಪಕ್ಕಕ್ಕೆ ಸರಿದರು. "ಅವನದೇನು ತಪ್ಪು? ಅಡ್ಡ ಬರ್ತಿದ್ದೆ ನಿಜ" ಎನ್ನುತ್ತಾರೆ ಈಗ.

ಮಧ್ಯಾಹ್ನ ಊಟದ ಬಿಡುವು. ಕಲಾವಿದರದು ಒಂದು ಮೇಜು, ತಂತ್ರಜ್ಞರದು ಇನ್ನೊಂದು. ಸೆವ್ದಾ ಕಿಟಕಿಯ ಕಟ್ಟೆಯ ಮೇಲೆ ಬಟ್ಟಲಿಟ್ಟುಕೊಂಡು ಹುರುಳಿಕಾಯಿ ಸಾರು ಕುಡಿಯುತ್ತಾರೆ. ಬಿಲ್ಯಾನಾ ಅತ್ತ ಹಾದುಹೋಗುವಾಗ ಒಂದು ಕ್ಷಣ ನಿಂತು, "ಬೆಳಿಗ್ಗೆ ನನ್ನನ್ನ ನಿಜವಾಗ್ಲೂ ಅಳಿಸಿಬಿಟ್ರಿ, ಆಂಟಿ" ಎನ್ನುತ್ತಾರೆ. ಅಷ್ಟರಲ್ಲಿ ಫೋನ್ ಬರುತ್ತದೆ, ಹೊರಟುಹೋಗುತ್ತಾರೆ.

ಇನ್ನು ಸಾಕು, ಮನೆಯಲ್ಲಿ ಆರಾಮಾಗಿರೋಣ ಅನ್ನಿಸುವುದಿಲ್ಲವೇ ಎಂದು ಕೇಳುತ್ತೇನೆ. ಸೆವ್ದಾ ಚಮಚ ಕೆಳಗಿಡುತ್ತಾರೆ.

"ಮನೇಲಿ ನಾನು ಒಂದು ಮಾತಾಡಿದ್ರೆ ಅದು ಅಲ್ಲೇ ಬಿದ್ದಿರತ್ತೆ, ನಾನೇ ಎತ್ತಿಡಬೇಕು" ಎನ್ನುತ್ತಾರೆ. "ಇಲ್ಲಿ ಹಾಗಲ್ಲ. ನಾನು ಏನೇ ಅಂದ್ರೂ ಎದುರಿಂದ ಉತ್ತರ ಬರತ್ತೆ. ಯಾರೋ ಬರೆದುಕೊಟ್ಟಿದ್ದೇ ಇರಲಿ, ನನ್ನ ಕಣ್ಣು ನೋಡಿಕೊಂಡೇ ಹೇಳ್ತಾರಲ್ಲ."